ತಿಳಿಮಸಿಯ ದೀರ್ಘಾಯುಷ್ಯ

ನಮ್ಮ ಬೀದಿ ಸಂಘದ ಅಧ್ಯಕ್ಷರಾದ ಇನೊಮಾತಾ ಅವರು ಕಳೆದ ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಹತ್ತೂಮುಕ್ಕಾಲರಿಂದ ಮಧ್ಯಾಹ್ನ ಮೂರೂಕಾಲರವರೆಗೆ ಸಾಯುವ ಸ್ಥಿತಿಯಲ್ಲಿದ್ದರು. ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ. ಇದಕ್ಕೆಲ್ಲ ಕಾರಣ ಹೊಸಾಕಾ ಎಂದು ಬೀದಿಯವರು ಹೇಳುತ್ತಾರೆ. ಕಾಲು ಭಾಗ ನಾನೂ ಕಾರಣ ಎಂದು ನನ್ನ ಹೆಂಡತಿ ಒಬ್ಬಳೇ ಹೇಳುತ್ತಾಳೆ. ನಾನು ತೋಫು ಮಾಡಿ ಮಾರುವವನು. ಕೋಳಿ ಕೂಗುವ ಮೊದಲೇ ಎದ್ದು ಸೋಯಾ ರುಬ್ಬುವ ಮನುಷ್ಯನಿಗೆ ಹಗಲು ಹೊತ್ತು ಚಾಡಿ ಹೇಳುವಷ್ಟು ಶಕ್ತಿ ಎಲ್ಲಿಂದ ಬರಬೇಕು, ನೀವೇ ಯೋಚಿಸಿ.

ಮೊದಲು ಹೊಸಾಕಾ ಅವರ ವಿಷಯ ಹೇಳಿಬಿಡುತ್ತೇನೆ. ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಅರವತ್ತೆರಡು ವಯಸ್ಸು, ದುಂಡು ಮುಖ, ಯಾರ ತಂಟೆಗೂ ಹೋದವರಲ್ಲ. ಅವರ ಹೆಸರು ನಮ್ಮ ಬೀದಿಯಲ್ಲಿ ಚಾಲ್ತಿಯಲ್ಲಿದ್ದುದು ಒಂದೇ ಕಾರಣಕ್ಕೆ: ಕುಂಚದ ಬರಹ. ಹೊಸ ವರ್ಷದ ಕಾರ್ಡಿರಲಿ, ಮದುವೆಯ ಮುಯ್ಯಿ ಲಕೋಟೆಯಿರಲಿ, ಸಾವಿನ ಮನೆಗೆ ಒಯ್ಯುವ ಲಕೋಟೆಯಿರಲಿ, ಅದರ ಮೇಲೆ ‘ಹೊಸಾಕಾ ತೊಕುಜಿ’ ಎಂದು ಬರೆದಿರುವುದನ್ನು ನೋಡಿದರೆ ಒಳಗಿನ ಹಣ ತೆಗೆದುಕೊಂಡು ಲಕೋಟೆಯನ್ನು ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಲಕೋಟೆಯ ಮೇಲೆ ಮನೆಯ ಯಜಮಾನನ ಹೆಸರಿರುವುದು ನಮ್ಮಲ್ಲಿ ರೂಢಿ. ಅದನ್ನು ಬರೆದ ಕೈ ಯಾರದು ಎಂದು ಕೇಳುವ ರೂಢಿ ಇಲ್ಲ.

ಅವರು ಹೊಸದಾಗಿ ಮನೆ ಮಾಡಿದ ವರ್ಷ, ಅಂದರೆ ಮೂವತ್ತೆರಡು ವರ್ಷದ ಹಿಂದೆ, ಯಾರೋ ಅವರ ಅಕ್ಷರವನ್ನು ಹೊಗಳಿದರಂತೆ. ಹೊಸಾಕಾ ತಲೆ ಕೆರೆದುಕೊಂಡು, ಏನೋ ಗೀಚ್ತೀನಿ ಅಷ್ಟೆ, ಅಂದರಂತೆ. ನಿಜವಾಗಿ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಹೇಳುವುದೂ ಇದನ್ನೇ. ಅಲ್ಲಿಗೆ ಮುಗಿಯಿತು. ನಿವೃತ್ತಿಯ ನಂತರವಂತೂ ಅವರು ಒಂದು ಹೆಜ್ಜೆ ಮುಂದೆ ಹೋಗಿ ನನ್ನ ಅಂಗಡಿಯ ಹೆಸರು ಬರೆದ ಬಾಗಿಲ ಪರದೆಯ ಮುಂದೆ ಕೈ ಹಿಂದೆ ಕಟ್ಟಿ ನಿಂತು, ‘ತೋಫು’ ಅನ್ನೋದರ ಬಾಲಕ್ಕೆ ಜೀವ ಸಾಲದು, ಎಂದು ತೀರ್ಪು ಕೊಟ್ಟು ಎರಡು ತುಂಡು ತೋಫು ಕೊಂಡು ಹೋಗಿದ್ದರು. ಆ ಪರದೆ ನನ್ನ ತಂದೆ ಬರೆಸಿದ್ದು. ನಾನು ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಸುಮ್ಮನೆ ನೆನಪಿದೆ, ಅಷ್ಟೆ.

ಇನ್ನು ಪ್ರವಾಸದ ಕಥೆ. ನಮ್ಮ ಬೀದಿ ಸಂಘ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಒಂದು ದಿನದ ಪ್ರವಾಸ ಹೋಗುತ್ತದೆ. ಈ ಸಲ ನಾರಾ ಕಡೆಯ ಗುಡ್ಡಗಳು. ಮೊದಲು ಒಂದು ದೇವಾಲಯದಲ್ಲಿ ಕುಂಚ ಹಿಡಿದು ಬೌದ್ಧ ಸೂತ್ರ ಬರೆಯುವುದು, ಅಲ್ಲೇ ಸನ್ಯಾಸಿಗಳ ಸಸ್ಯಾಹಾರದ ಊಟ, ಆಮೇಲೆ ಇನ್ನೊಂದು ದೇವಾಲಯ, ಸಂಜೆ ಐದಕ್ಕೆ ಮನೆ. ಗೈಡ್ ನಿಶಿನೊ ಎಂಬಾಕೆ. ಇಪ್ಪತ್ತಾರು ವರ್ಷದಿಂದ ಹಳದಿ ಬಾವುಟ ಹಿಡಿದು ಜನರನ್ನು ಮುಂದೆ ನಡೆಸುತ್ತಿರುವವರು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ನಾವು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಶೌಚಾಲಯಕ್ಕೆ ಹೋಗಬೇಕು ಎಂಬುದೂ ಬರೆದಿತ್ತು.

ಬಸ್ಸು ಹೊರಟು ಕಾಲು ಗಂಟೆಯಾಗಿತ್ತು. ಲಾಂಡ್ರಿಯ ತೊಯಾಮಾ ಅಮ್ಮನವರು ನಿಶಿನೊ ಅವರ ಕೈಯಿಂದ ಮೈಕು ತೆಗೆದುಕೊಂಡರು. ಈಕೆಯ ಕೈಗೆ ಊರಿನವರ ಕಾಲರುಗಳೂ ಸಿಗುತ್ತವೆ, ಗುಟ್ಟುಗಳೂ ಸಿಗುತ್ತವೆ. ಅಧ್ಯಕ್ಷರಿಗೆ ಈ ವರ್ಷ ಎಪ್ಪತ್ತೇಳು ತುಂಬಿದ ಸಂತೋಷಕ್ಕೆ ಸಂಘದಿಂದ ಒಂದು ಕಾಣಿಕೆ ಇದೆ, ಬಿಳಿ ರಟ್ಟಿನ ಫಲಕದ ಮೇಲೆ ‘ದೀರ್ಘಾಯುಷ್ಯ’ ಎಂಬ ಅರ್ಥದ ಎರಡು ದೊಡ್ಡ ಚಿತ್ರಾಕ್ಷರ, ಅದನ್ನು ಇವತ್ತು ಬುದ್ಧನ ಎದುರಿಗೇ ಬರೆಯುವವರು ನಮ್ಮ ಹೊಸಾಕಾ ಅವರು, ಎಂದು ಸಾರಿದರು. ಇಪ್ಪತ್ತನಾಲ್ಕು ಜನ ಚಪ್ಪಾಳೆ ತಟ್ಟಿದೆವು. ಸರಿಯಾಗಿ ಹೇಳಬೇಕೆಂದರೆ ಇಪ್ಪತ್ತೆರಡು. ಹೊಸಾಕಾ ತಟ್ಟಲಿಲ್ಲ, ಅವರ ಹೆಂಡತಿ ಸಚಿಯೆ ತಟ್ಟಲಿಲ್ಲ.

ಹೊಸಾಕಾ ಎದ್ದು ನಿಂತು ಭುಜ ನೋವೆಂದರು. ಅಂಥ ಕೆಲಸಕ್ಕೆ ನಾನು ಯೋಗ್ಯನಲ್ಲವೆಂದರು. ನನಗಿಂತ ಚೆನ್ನಾಗಿ ಬರೆಯುವವರು ಈ ಬಸ್ಸಿನಲ್ಲೇ ಇದ್ದಾರೆ ಎಂದೂ ಹೇಳಿದರು, ಅದು ಮಾತ್ರ ಅಪ್ಪಟ ನಿಜ. ಅವರು ಒಂದೊಂದು ಸಲ ಇಲ್ಲವೆಂದಾಗಲೂ ಚಪ್ಪಾಳೆ ಜೋರಾಯಿತು. ನಮ್ಮಲ್ಲಿ ಬರೆಯುತ್ತೇನೆ ಎಂದು ಮುಂದೆ ಬಂದವನ ಕೈಗೆ ಯಾರೂ ಕುಂಚ ಕೊಡುವುದಿಲ್ಲ. ಮೂರು ಸಲ ಬೇಡವೆಂದವನ ಕೈಗೆ ಎಲ್ಲಕ್ಕಿಂತ ದಪ್ಪದ ಕುಂಚ ಬರುತ್ತದೆ. ಇನೊಮಾತಾ ಅವರೇ ಎದ್ದು ಬಂದು ಅವರ ಭುಜ ತಟ್ಟಿ, ನಿಮ್ಮ ಅಕ್ಷರ ಮನೆಯಲ್ಲಿದ್ದರೆ ಇನ್ನೂ ಹತ್ತು ವರ್ಷ ಗ್ಯಾರಂಟಿ, ಎಂದರು. ಹೊಸಾಕಾ ಕುಳಿತರು. ಅವರ ಕತ್ತಿನ ಹಿಂಭಾಗ ನನಗೆ ಕಾಣುತ್ತಿತ್ತು. ಬೆವರು ಕಾಲರಿನೊಳಗೆ ಇಳಿಯುತ್ತಿತ್ತು.

ದೇವಾಲಯದ ದೊಡ್ಡ ಹಜಾರದಲ್ಲಿ ಗಿಡ್ಡ ಮೇಜುಗಳನ್ನು ಹಾಕಿದ್ದರು. ನಮಗೆಲ್ಲ ಸೂತ್ರದ ಮಾದರಿಯ ಮೇಲೆ ತೆಳು ಕಾಗದ, ಅಡಿಯ ಅಕ್ಷರ ನೋಡಿಕೊಂಡು ತೀಡಿದರೆ ಸಾಕು. ಹೊಸಾಕಾ ಅವರಿಗೆ ಮಾತ್ರ ಎಲ್ಲರ ಮುಂದೆ, ಬುದ್ಧನ ಪಕ್ಕದಲ್ಲೇ, ಪ್ರತ್ಯೇಕ ಮೇಜು. ಸಚಿಯೆ ಅವರಿಗೆ ಸಿಕ್ಕಿದ್ದು ಕೊನೆಯ ಸಾಲು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ, ಮಸಿ ತೇಯಲು ಸಹಾಯಕ್ಕೆ ಬೇಕು ಎಂದು ಹೊಸಾಕಾ ಗೋಗರೆದರು. ಇಂಥ ಕೈಗೆ ಸಹಾಯ ಯಾಕೆ, ಎಂದು ತೊಯಾಮಾ ಅಮ್ಮನವರು ನಕ್ಕರು.

ಕಲ್ಲಿನ ಮೇಲೆ ನಾಲ್ಕು ಹನಿ ನೀರು ಹಾಕಿ, ಮಸಿಕಡ್ಡಿ ಹಿಡಿದು, ಮನಸ್ಸು ತಿಳಿಯಾಗುವವರೆಗೆ ನಿಧಾನವಾಗಿ ತೇಯಿರಿ ಎಂದು ಅಲ್ಲಿನ ಗುರುಗಳು ಹೇಳಿದರು. ನಾವು ತೇಯತೊಡಗಿದೆವು. ಹೊಸಾಕಾ ಅವರ ಮನಸ್ಸು ತಿಳಿಯಾಗುವ ಲಕ್ಷಣ ಇರಲಿಲ್ಲ. ಅವರು ತಿರುಗಿ ತಿರುಗಿ ಹೆಂಡತಿಯ ಕಡೆ ನೋಡುತ್ತಿದ್ದರು. ಸಚಿಯೆ ದೂರದಿಂದ ಕೈಯನ್ನು ಗುಂಡಗೆ ತಿರುಗಿಸಿ ತಿರುಗಿಸಿ ಇನ್ನೂ ತೇಯಿರಿ ಎಂದು ಸನ್ನೆ ಮಾಡಿದರು. ಬೇಗ ಬೇಗ ಮುಗಿಸಿ ಎಂದು ಹೊಸಾಕಾ ಅರ್ಥ ಮಾಡಿಕೊಂಡರು. ನಾನು ಎಣಿಸಿದೆ, ಎಂಟು ಸುತ್ತು ತೇಯ್ದರು. ಕುಂಚವನ್ನು ಪೂರ್ತಿ ಅದ್ದಿ, ಕಣ್ಣು ಮುಚ್ಚಿ, ಬರೆದೇಬಿಟ್ಟರು.

ಈಗ ಒಂದು ಮಾತು ಹೇಳಬೇಕು. ಸಾವಿನ ಮನೆಗೆ ಒಯ್ಯುವ ಲಕೋಟೆಯ ಮೇಲೆ ನಾವು ಹೆಸರನ್ನು ತಿಳಿಮಸಿಯಲ್ಲಿ ಬರೆಯುತ್ತೇವೆ. ಸುದ್ದಿ ಕೇಳಿ ಮಸಿ ತೇಯಲು ಕೂತೆವು, ಕಣ್ಣೀರು ಬಿದ್ದು ಮಸಿ ತೆಳ್ಳಗಾಯಿತು ಎಂದು ಅದರ ಅರ್ಥ. ಮದುವೆಗೆ, ಹುಟ್ಟುಹಬ್ಬಕ್ಕೆ ಮಾತ್ರ ಕಪ್ಪು ಎಷ್ಟು ಗಟ್ಟಿಯೋ ಅಷ್ಟು ಶುಭ. ಇದು ಗೊತ್ತಿಲ್ಲದ ಗಂಡಸು ನಮ್ಮ ಬೀದಿಯಲ್ಲಿ ಇರಲಾರ ಎಂದು ನಾನು ಅಂದುಕೊಂಡಿದ್ದೆ.

ಫಲಕವನ್ನು ಎತ್ತಿ ಹಿಡಿದಾಗ ಹಜಾರದಲ್ಲಿ ಎಲ್ಲರಿಗೂ ಕಂಡಿತು. ಬೂದಿ ಕಲಸಿದ ನೀರಿನ ಬಣ್ಣದಲ್ಲಿ ‘ದೀರ್ಘಾಯುಷ್ಯ’. ಗೆರೆಗಳು ಒಂದಕ್ಕೊಂದು ಆತುಕೊಂಡು ನಡುಗುತ್ತಿದ್ದವು. ಕೊನೆಯ ಗೆರೆಯ ಮೇಲೆ ಹೊಸಾಕಾ ಅವರ ಹಣೆಯ ಬೆವರು ಒಂದು ಹನಿ ಬಿದ್ದು ಅಲ್ಲಿ ಮಸಿ ಹರಡಿತ್ತು. ಅದು ಬೆವರು ಎಂದು ಈಗ ಗೊತ್ತು. ಆಗ ಅದನ್ನು ಬೆವರು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಇನೊಮಾತಾ ಅವರು ಎರಡೂ ಕೈಯಲ್ಲಿ ಫಲಕ ಹಿಡಿದುಕೊಂಡು ಬಹಳ ಹೊತ್ತು ನೋಡಿದರು, ಬಹಳ ಉಪಕಾರವಾಯಿತು ಎಂದರು, ಆಮೇಲೆ ಕೂತುಬಿಟ್ಟರು.

ಇಲ್ಲಿ ನಾನು ಮಾಡಿದ್ದು ಇಷ್ಟೆ. ಪಕ್ಕದಲ್ಲಿದ್ದ ತೊಯಾಮಾ ಅಮ್ಮನವರಿಗೆ, ಸಚಿಯೆ ಅವರು ಸ್ಟೇಷನ್ ಹತ್ತಿರದ ಕ್ಲಿನಿಕ್ಕಿನಲ್ಲಿ ಕೂರುತ್ತಾರಲ್ಲವೇ, ಎಂದು ಮೆಲ್ಲಗೆ ಕೇಳಿದೆ. ಕೇಳಿದ್ದು ಪ್ರಶ್ನೆ. ಉತ್ತರ ಎಲ್ಲರಿಗೂ ಗೊತ್ತಿತ್ತು: ಹತ್ತೊಂಬತ್ತು ವರ್ಷದಿಂದ ಅಲ್ಲಿನ ಸ್ವಾಗತದ ಮೇಜಿನಲ್ಲಿ ಅವರೇ ಇರುವುದು. ಹಿಂದಿನ ಮಂಗಳವಾರ ಇನೊಮಾತಾ ಅದೇ ಕ್ಲಿನಿಕ್ಕಿನಲ್ಲಿ ತಲೆಯಿಂದ ಕಾಲಿನವರೆಗೆ ತಪಾಸಣೆ ಮಾಡಿಸಿಕೊಂಡಿದ್ದೂ ಎಲ್ಲರಿಗೂ ಗೊತ್ತಿತ್ತು. ಫಲಿತಾಂಶ ಬರಬೇಕಾದದ್ದು ಸೋಮವಾರ. ನಾವು ಬೂಟು ಹಾಕಿಕೊಳ್ಳುವಷ್ಟರಲ್ಲಿ ನನ್ನ ಪ್ರಶ್ನೆ ಹಜಾರವನ್ನು ಒಂದು ಸುತ್ತು ಹಾಕಿ, ಪ್ರಶ್ನೆಯಾಗಿ ಉಳಿಯದೆ, ಅಧ್ಯಕ್ಷರ ಕಿವಿಗೆ ಬಿದ್ದಿತ್ತು.

ಇನೊಮಾತಾ ಮೆಟ್ಟಿಲ ಬಳಿ ಸಚಿಯೆ ಅವರನ್ನು ತಡೆದು ನಿಲ್ಲಿಸಿದರು.

“ಸಚಿಯೆ ಅವರೇ, ಮುಚ್ಚುಮರೆ ಬೇಡ. ನನ್ನ ಫಲಿತಾಂಶ ಬಂದಿದೆಯಾ?”

ಸಚಿಯೆ ಸೊಂಟ ಬಾಗಿಸಿ ನಮಸ್ಕರಿಸಿದರು. “ಕ್ಲಿನಿಕ್ಕಿನ ವಿಷಯ ನಾನು ಹೊರಗಡೆ ಮಾತಾಡೋ ಹಾಗಿಲ್ಲ, ಅಧ್ಯಕ್ಷರೇ. ಬಂದಿದೆಯೋ ಇಲ್ಲವೋ ಅಂತಾನೂ ಹೇಳೋ ಹಾಗಿಲ್ಲ.”

ಅವರು ಯಾವಾಗಲೂ ಹೇಳುವುದು ಹಾಗೆಯೇ. ನನ್ನ ಹೆಂಡತಿಗೆ ಮೂಗು ಸೋರುತ್ತಿದೆ ಎಂಬುದನ್ನು ನನಗೇ ಹೇಳದವರು ಅವರು. ಆದರೆ ಗಂಡ ಬರೆದ ಆ ಫಲಕವನ್ನು ನೋಡಿ ಆಕೆಗೆ ಆಗಿದ್ದ ನಾಚಿಕೆಗೆ ಕಣ್ಣು ತುಂಬಿತ್ತು, ತಲೆ ಎತ್ತಲಾಗಲಿಲ್ಲ. ಅಷ್ಟು ಸಾಲದೆಂಬಂತೆ, ದಿನಕ್ಕೆ ನೂರು ರೋಗಿಗಳಿಗೆ ಹೇಳಿ ಹೇಳಿ ರೂಢಿಯಾದ ಮಾತು ಬಾಯಿಯಿಂದ ತಾನಾಗಿ ಹೊರಬಂತು.

“ಆರೋಗ್ಯ ನೋಡ್ಕೊಳ್ಳಿ.”

ಇನೊಮಾತಾ ಅವರ ಮುಖ ನನ್ನ ಅಂಗಡಿಯ ಸರಕಿನ ಬಣ್ಣಕ್ಕೆ ತಿರುಗಿತು.

ಮುಂದಿನ ಹತ್ತು ನಿಮಿಷದಲ್ಲಿ ಅವರು ಘಂಟಾಗೋಪುರದ ಹಿಂದೆ ನಿಂತು ಕ್ಲಿನಿಕ್ಕಿಗೆ ಫೋನು ಮಾಡಿದರು. ಭಾನುವಾರ, ಯಾರೂ ಎತ್ತುವವರಿಲ್ಲ, ಮಾತನ್ನು ಯಂತ್ರ ಹಿಡಿದಿಟ್ಟುಕೊಳ್ಳುತ್ತದೆ. ಅವರ ಗಂಟಲು ದೊಡ್ಡದು, ನಮಗೆಲ್ಲ ಕೇಳಿಸಿತು. “ಡಾಕ್ಟ್ರೇ, ನಾನು ಇನೊಮಾತಾ. ವಿಷಯ ನಿಮ್ಮ ಸಚಿಯೆ ಅವರ ಮನೆಯವರಿಂದ ಗೊತ್ತಾಯ್ತು. ಎಷ್ಟು ದಿನ ಇದೆ ಅನ್ನೋದು ಮಾತ್ರ ನಾಳೆ ಹೇಳಿಬಿಡಿ.”

ಸಚಿಯೆ ಅವರೂ ಅದನ್ನು ಕೇಳಿಸಿಕೊಂಡರು. ರೋಗಿಯ ಗುಟ್ಟು ಹೊರಗೆ ಬಿಟ್ಟವರನ್ನು ಡಾಕ್ಟರು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಸೋಮವಾರ ಎಂಟೂವರೆಗೆ ಯಂತ್ರದ ಗುಂಡಿ ಒತ್ತಿದರೆ ಆಕೆಯ ಹತ್ತೊಂಬತ್ತು ವರ್ಷದ ಕೆಲಸ ಹೋದಂತೆಯೇ. ಅದಕ್ಕಿಂತ ಹೆಚ್ಚಾಗಿ, ಬಾಯಿ ಬಿಗಿಯಾದ ಹೆಂಗಸು ಎಂಬ ಹೆಸರು ಹೋಗುತ್ತಿತ್ತು. ತೊಯಾಮಾ ಅಮ್ಮನವರು ಇದನ್ನೆಲ್ಲ ಆಕೆಗೆ ಕೇಳಿಸುವಂತೆಯೇ ವಿವರಿಸಿದರು, ಪಾಪ ಎಂಬ ಮಾತನ್ನು ನಾಲ್ಕು ಸಲ ಸೇರಿಸಿ.

ಊಟಕ್ಕೆ ಕೂತೆವು. ಊಟದ ಬಗ್ಗೆ ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಎಳ್ಳಿನ ತೋಫು ಎಂದು ಮೊದಲು ತಂದಿಟ್ಟರು. ಅದರಲ್ಲಿ ಸೋಯಾ ಒಂದು ಕಾಳೂ ಇಲ್ಲ. ಎಳ್ಳು ಅರೆದು ಗೆಡ್ಡೆಯ ಹಿಟ್ಟಿನಲ್ಲಿ ಗಟ್ಟಿ ಮಾಡಿದ್ದು. ಅದಕ್ಕೆ ತೋಫು ಎಂಬ ಹೆಸರಿಡುವುದು ಧರ್ಮವೇ ಎಂದು ಗುರುಗಳನ್ನು ಕೇಳಬೇಕೆಂದಿದ್ದೆ. ಕೇಳುವ ವಾತಾವರಣ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ತಮ್ಮ ತಟ್ಟೆಯಲ್ಲಿನ ಒಳ್ಳೆಯ ತುಂಡನ್ನು ಇನೊಮಾತಾ ಅವರ ತಟ್ಟೆಗೆ ಹಾಕಿ ಬರುತ್ತಿದ್ದರು. ಕರಿದ ತಾವರೆ ಬೇರಿನ ತುಂಡುಗಳೇ ಹನ್ನೊಂದು ಸೇರಿದವು. ಸಾಯುವವರಿಗೆ ಹಸಿವು ಇರುವುದಿಲ್ಲ ಎಂದು ಕೇಳಿದ್ದೆ. ಅವರು ಹನ್ನೊಂದನ್ನೂ ತಿಂದರು, ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಧನ್ಯವಾದ ಹೇಳಿ.

ತಿಂದು ಮುಗಿಸಿ ಅವರು ನನ್ನ ಕಡೆ ತಿರುಗಿದರು.

“ತೋಫು ಅಂಗಡಿಯವರೇ, ನಿಮಗೆ ನಾನು ಅನ್ಯಾಯ ಮಾಡಿದ್ದೀನಿ.”

ನಮ್ಮ ಬೀದಿಯ ಕಸ ಕೂಡಿಡುವ ಜಾಗ ನನ್ನ ಅಂಗಡಿಯ ಎದುರಿಗಿದೆ. ಮಂಗಳವಾರ, ಶುಕ್ರವಾರ ಬೆಳಗ್ಗೆ ಬೀದಿಯವರೆಲ್ಲ ಚೀಲ ತಂದು ಅಲ್ಲಿನ ಹಸಿರು ಬಲೆಯ ಅಡಿ ಇಡುತ್ತಾರೆ, ಕಾಗೆಗಳು ಬಲೆ ಎಳೆಯುತ್ತವೆ, ಗಿರಾಕಿಗಳು ಮೂಗು ಮುಚ್ಚಿಕೊಂಡು ತೋಫು ಕೊಳ್ಳುತ್ತಾರೆ. ಆ ಜಾಗ ಬದಲಿಸಿ ಎಂದು ನಾನು ಹನ್ನೊಂದು ವರ್ಷ ಪ್ರತಿ ಸಭೆಯಲ್ಲೂ ಕೇಳಿದ್ದೆ. ಹನ್ನೊಂದು ವರ್ಷವೂ ಇನೊಮಾತಾ ಆಗದು ಎಂದಿದ್ದರು.

“ನಾಳಿದ್ದು ಮಂಗಳವಾರದಿಂದ ಕಸ ನಮ್ಮ ಮನೆ ಮುಂದೆ ಇಡಿ,” ಎಂದರು ಅವರು. “ಎಷ್ಟು ದಿನ ಇರ್ತೀನೋ, ಕಾಗೆ ಓಡಿಸ್ಕೊಂಡು ಇರ್ತೀನಿ.”

ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ನನ್ನ ಕಣ್ಣೀರು ಬಹುಪಾಲು ಸಂತೋಷದ್ದು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕೈ ತೊಳೆಯಲು ಹೊರಗೆ ಹೋದಾಗ ಹೊಸಾಕಾ ಹಿಂದಿನಿಂದ ಬಂದು ನನ್ನ ತೋಳು ಹಿಡಿದರು. ಮುಖ ನೋಡಿದರೆ ಸಾಯುತ್ತಿರುವವರು ಇವರೇ ಅನ್ನಿಸಬೇಕು. ಮೂವತ್ತೆರಡು ವರ್ಷದ ಕಥೆಯನ್ನು ಎರಡು ನಿಮಿಷದಲ್ಲಿ ಕಕ್ಕಿಬಿಟ್ಟರು. ಬರೆಯುತ್ತಿದ್ದವಳು ಸಚಿಯೆಯಂತೆ. ಶಾಲೆ ಬಿಟ್ಟ ಮೇಲೆ ಇವರು ಕುಂಚವನ್ನೇ ಮುಟ್ಟಿಲ್ಲವಂತೆ. ಮಸಿಯಲ್ಲಿ ತಿಳಿ, ಗಟ್ಟಿ ಎಂದು ಭೇದವಿರುವುದೂ ಇವತ್ತೇ ತಿಳಿದದ್ದಂತೆ. ನಿಜ ಹೇಳಿಬಿಡಬೇಕು, ಇಲ್ಲದಿದ್ದರೆ ಅವಳ ಕೆಲಸ ಹೋಗುತ್ತದೆ, ಈಗಲೇ ಒಳಗೆ ಹೋಗಿ ಹೇಳಲೇ ಎಂದು ನನ್ನನ್ನು ಕೇಳಿದರು. ಮೂವತ್ತು ಜನ್ಮ ಎತ್ತಿದರೂ ಸ್ವಂತ ಬುದ್ಧಿಯಿಂದ ಒಂದು ಕೆಲಸ ಮಾಡಲಾರದ ಮನುಷ್ಯ, ಸಲಹೆ ಕೇಳಲು ಅವರಿಗೆ ಸಿಕ್ಕಿದ್ದು ನಾನು.

ನನ್ನ ಕಣ್ಣ ಮುಂದೆ ಆ ಹಸಿರು ಬಲೆ ಅಧ್ಯಕ್ಷರ ಗೇಟಿನ ಎದುರು ಹಾಸಿದ್ದಂತೆ ಕಾಣುತ್ತಿತ್ತು.

“ಈಗ ಬೇಡ,” ಅಂದೆ. “ಊಟ ಮಾಡಿದ್ದಾರೆ, ಅರಗಲಿ. ಬಸ್ಸಲ್ಲಿ ಹೇಳಿದ್ರಾಯ್ತು.”

ಬಸ್ಸಿನಲ್ಲಿ ಇನೊಮಾತಾ ಕಿಟಕಿಗೆ ತಲೆಯಾನಿಸಿ ಭತ್ತ ಕೊಯ್ದ ಗದ್ದೆಗಳನ್ನು ನೋಡುತ್ತ, ಇದನ್ನೆಲ್ಲ ಇನ್ನೊಮ್ಮೆ ನೋಡುತ್ತೇನೋ ಇಲ್ಲವೋ, ಅಂದರು. ಹೊಸಾಕಾ ಮೂರು ಸಲ ಎದ್ದು ಮೂರು ಸಲ ಕೂತರು. ನಾಲ್ಕನೆಯ ಸಲ ಎದ್ದಾಗ, ಬಸ್ಸು ಚಲಿಸುವಾಗ ಯಾರೂ ನಿಲ್ಲಬಾರದು ಎಂದು ನಿಶಿನೊ ಮೈಕಿನಲ್ಲಿ ಗದರಿದರು. ಸಚಿಯೆ ಮಡಿಲಲ್ಲಿ ಕೈ ಜೋಡಿಸಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ನಾನೇ ಹೇಳಿದರೆ ಗಂಡನ ಮರ್ಯಾದೆಯನ್ನು ನಾನೇ ಕಳೆದಂತಾಗುತ್ತದೆ, ನೀವೇ ಹೇಳಬೇಕು ರೀ, ಎಂದು ಒಮ್ಮೆ ಮೆಲ್ಲಗೆ ಅಂದದ್ದು ನನಗೆ ಹಿಂದಿನ ಸೀಟಿಗೆ ಕೇಳಿಸಿತು.

ಎರಡನೆಯ ದೇವಾಲಯ ಯಾವುದೆಂದು ನಮಗೆಲ್ಲ ಮೊದಲೇ ಗೊತ್ತಿತ್ತು, ಅದಕ್ಕಾಗಿಯೇ ಎಷ್ಟೋ ಜನ ಹೆಸರು ಕೊಟ್ಟಿದ್ದರು. ಹಾಸಿಗೆ ಹಿಡಿಯದೆ, ಮಗ ಸೊಸೆಗೆ ಹೊರೆಯಾಗದೆ, ಒಂದು ದಿನ ಥಟ್ಟನೆ ಹೋಗಿಬಿಡಲಿ ಎಂದು ಬೇಡಿಕೊಳ್ಳುವ ದೇವಾಲಯ ಅದು. ವಯಸ್ಸಾದವರು ಅಲ್ಲಿಗೆ ಹಬ್ಬಕ್ಕೆ ಹೋದಂತೆ ನಗುನಗುತ್ತ ಹೋಗುತ್ತಾರೆ. ಕೊನೆಗಾಲದಲ್ಲಿ ಇನ್ನೊಬ್ಬರ ಕೈಯಿಂದ ಬಟ್ಟೆ ಬದಲಿಸಿಕೊಳ್ಳುವ ಸ್ಥಿತಿ ಬಾರದಿರಲಿ ಎಂದು ಒಳಉಡುಪನ್ನು ಪೂಜೆಗಿಟ್ಟು ತರುವ ಪದ್ಧತಿಯೂ ಇದೆ. ತೊಯಾಮಾ ಅಮ್ಮನವರು ಮೂರು ಜೊತೆ ತಂದಿದ್ದರು. ಈಗ ಅದನ್ನು ಚೀಲದ ತಳಕ್ಕೆ ತುರುಕಿದರು.

ವಿಷಯ ಗೊತ್ತಿಲ್ಲದೆ ಉಳಿದಿದ್ದವರು ನಿಶಿನೊ ಒಬ್ಬರೇ. ಬಾವುಟ ಎತ್ತಿ, ಇಪ್ಪತ್ತಾರು ವರ್ಷದಿಂದ ಹೇಳುತ್ತಿರುವ ಅದೇ ಸಂಭ್ರಮದ ದನಿಯಲ್ಲಿ, ಇಲ್ಲಿ ಬೇಡಿಕೊಂಡವರಿಗೆ ಬಹಳ ಬೇಗ ಫಲ ಸಿಗುತ್ತದೆ ಎಂದು ವಿವರಿಸಿದರು. ಒಬ್ಬರಿಗೆ ಮನೆ ಸೇರುವ ಮೊದಲೇ ಸಿಕ್ಕಿತ್ತು ಎಂದು ಒಂದು ನಗೆಮಾತನ್ನೂ ಸೇರಿಸಿದರು. ಆ ಜಾಗದಲ್ಲಿ ಜನ ಯಾವಾಗಲೂ ನಗುತ್ತಾರಂತೆ. ನಾವು ನೆಲ ನೋಡಿಕೊಂಡು ನಿಂತೆವು.

ಇನೊಮಾತಾ ಮಾತ್ರ ನೇರವಾಗಿ ಹೋಗಿ ಬುದ್ಧನ ಮುಂದೆ ಮಂಡಿಯೂರಿದರು. ಅಲ್ಲಿನ ಮುದಿ ಸನ್ಯಾಸಿ ಅವರ ಹೆಸರು ಕೇಳಿಕೊಂಡು ಮಂತ್ರ ಶುರು ಮಾಡಿದರು. ಹಿಂದೆ ಕೂತ ನಾವೂ ಕೈ ಮುಗಿದೆವು. ಎಪ್ಪತ್ತೇಳು ವರ್ಷದ ಆ ದಪ್ಪ ಬೆನ್ನು ಸಣ್ಣಗೆ ಅಲುಗುತ್ತಿತ್ತು. ನನ್ನ ಅಂಗಡಿಯ ಎದುರು ಕಸ ಹಾಕಿಸಿದ ಬೆನ್ನು ಅದು. ಆದರೂ ಅದನ್ನು ನೋಡಿ ನನಗೆ ಸಂಕಟವಾಯಿತು. ಹೊಸಾಕಾ ಅವರ ಕಡೆ ತಿರುಗಿ, ಹೇಳಿಬಿಡಿ, ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಎದ್ದು ನಿಂತಿದ್ದರು.

“ಅಧ್ಯಕ್ಷರೇ, ನಿಮಗೆ ಏನೂ ಆಗಿಲ್ಲ. ನನಗೆ ಬರೆಯೋಕೆ ಬರಲ್ಲ.”

ಮಂತ್ರ ನಿಂತಿತು. ಹೊಸಾಕಾ ಎಲ್ಲ ಹೇಳಿದರು, ಎಂಟು ಸುತ್ತು ತೇಯ್ದದ್ದು, ಬೆವರಿನ ಹನಿ, ಮೂವತ್ತೆರಡು ವರ್ಷದ ಕಾರ್ಡುಗಳು, ಸಾವಿನ ಲಕೋಟೆಗಳು, ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿದಾಗ ಇನೊಮಾತಾ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

“ಒಬ್ಬ ಮುದುಕನಿಗೆ ಸಮಾಧಾನ ಹೇಳೋದಕ್ಕೆ ನಿಮ್ಮ ಹೆಸರನ್ನೇ ಹಾಳು ಮಾಡ್ಕೊಳ್ತಿದ್ದೀರಲ್ಲ, ಹೊಸಾಕಾ ಅವರೇ.”

ಸಚಿಯೆ ಎದ್ದು, ಇವರು ಹೇಳುವುದೆಲ್ಲ ನಿಜ, ಬರೆಯುವವಳು ನಾನು, ಎಂದರು. ಎಂಥ ಹೆಂಡತಿ, ಎಂದು ಹಿಂದಿನಿಂದ ಯಾರೋ ಬಿಕ್ಕಿದರು. ಗಂಡ ಹೆಂಡತಿ ಹೇಳಿದಷ್ಟೂ ಜನ ಅತ್ತರು. ತೊಯಾಮಾ ಅಮ್ಮನವರು ಲಾಂಡ್ರಿಯ ಹೆಸರು ಅಚ್ಚಾಗಿದ್ದ ಟವೆಲನ್ನು ಸಾಲಿನುದ್ದಕ್ಕೂ ದಾಟಿಸಿದರು. ನಾನು ಎದ್ದು ಇದು ನಿಜವಪ್ಪ ಎಂದೆ. ತೋಫು ಅಂಗಡಿಯವರು ಸಹ ಒಳ್ಳೆಯವರಾಗಿಬಿಟ್ಟರು ಎಂದು ಅದಕ್ಕೂ ಅತ್ತರು.

ಹೊಸಾಕಾ ಸುತ್ತಲೂ ನೋಡಿದರು. ಬಾಗಿಲ ಪಕ್ಕದಲ್ಲಿ ಯಾತ್ರಿಗಳ ಪುಸ್ತಕದಲ್ಲಿ ದೇವಾಲಯದ ಹೆಸರು ಬರೆದು ಮುದ್ರೆ ಒತ್ತಿಕೊಡುವ ಮೇಜಿತ್ತು. ಕುಂಚ, ಗಟ್ಟಿ ಕಪ್ಪು ಮಸಿ, ಎಲ್ಲ ಸಿದ್ಧವಾಗಿತ್ತು. ಅವರು ಅಲ್ಲಿಗೆ ಹೋಗಿ, ಕೇಳದೆಯೇ ಕುಂಚ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆ ಒಂದು ಹಾಳೆಯ ಮೇಲೆ ‘ದೀರ್ಘಾಯುಷ್ಯ’ ಎಂದು ಬರೆದರು. ಬರೆದರು ಎನ್ನುವುದು ನನ್ನ ಮರ್ಯಾದೆ. ಮೇಲಿನಿಂದ ಶುರು ಮಾಡಬೇಕಾದ ಗೆರೆಯನ್ನು ಕೆಳಗಿನಿಂದ ಶುರು ಮಾಡಿದರು, ಮಧ್ಯದ್ದನ್ನು ಮರೆತು ಆಮೇಲೆ ಸಂದಿಯಲ್ಲಿ ತೂರಿಸಿದರು, ಕುಂಚವನ್ನು ಪೊರಕೆ ಹಿಡಿದ ಹಾಗೆ ಹಿಡಿದಿದ್ದರು.

ಮುದಿ ಸನ್ಯಾಸಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಲವತ್ತು ವರ್ಷದಿಂದ ಆ ಮೇಜಿನಲ್ಲಿ ಬರೆಯುತ್ತಿರುವವರು.

“ದುಃಖದಲ್ಲಿ ಕೈ ನಡುಗುತ್ತೆ, ನಿಜ,” ಎಂದರು ಅವರು. “ಆದರೆ ಗೆರೆ ಎಳೆಯೋ ಕ್ರಮ ಯಾರೂ ಮರೆಯಲ್ಲ. ಇವರಿಗೆ ದುಃಖ ಆಗಿಲ್ಲ. ಇವರಿಗೆ ನಿಜವಾಗ್ಲೂ ಬರಲ್ಲ.”

ಹಾಳೆ ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಟವೆಲು ಮಡಿಸಿಟ್ಟರು. ಇನೊಮಾತಾ ಅದನ್ನು ನೇರ ಹಿಡಿದು ನೋಡಿದರು, ತಲೆಕೆಳಗೆ ಹಿಡಿದು ನೋಡಿದರು. ಆಮೇಲೆ ಎಂಥ ನಗು ನಕ್ಕರೆಂದರೆ ದೇವಾಲಯದ ಪಾರಿವಾಳಗಳು ಎದ್ದು ಹಾರಿದವು. ನಕ್ಕು ಮುಗಿದ ಮೇಲೆ ಸಿಟ್ಟು ಬಂತು. ಮೊದಲು ಫೋನು ತೆಗೆದು ಅದೇ ಯಂತ್ರಕ್ಕೆ, ಸಚಿಯೆ ಅವರು ಒಂದು ಮಾತೂ ಆಡಿಲ್ಲ, ಆಕೆಯ ಗಂಡನಿಗೆ ಬರೆಯಲು ಬರುವುದಿಲ್ಲ, ತಪ್ಪು ಎಲ್ಲ ನನ್ನದು ಎಂದು ಜಾಗ ತುಂಬಿ ಯಂತ್ರ ತಾನಾಗಿ ನಿಲ್ಲುವವರೆಗೆ ಹೇಳಿದರು. ಆಮೇಲೆ ನಮ್ಮತ್ತ ತಿರುಗಿ, ಈ ಕ್ಲಿನಿಕ್ಕಿನ ಮಾತು ಮೊದಲು ತೆಗೆದವರು ಯಾರು, ಎಂದು ಕೇಳಿದರು.

ಹೊಸಾಕಾ ನನ್ನ ಕಡೆ ನೋಡಿದರು. ಅಷ್ಟು ಹೊತ್ತಿಗೆ ಅವರಿಗೂ ಎಲ್ಲ ಅರ್ಥವಾಗಿತ್ತು, ಬಸ್ಸಿನಲ್ಲಿ ಹೇಳಿದ್ರಾಯ್ತು ಎಂದದ್ದು ಯಾಕೆಂದು ಸಹ. ಆದರೂ ನನ್ನ ಹೆಸರು ಎತ್ತಲಿಲ್ಲ. ನನ್ನ ತೋಫುವಿಗೆ ಜೀವವಿಲ್ಲ ಎಂದು ಅವರು ಹೇಳಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕಸ ನನ್ನ ಅಂಗಡಿ ಮುಂದೆಯೇ ಇರಲಿ ಅಧ್ಯಕ್ಷರೇ, ಕಾಗೆಗಳಿಗೆ ಅಭ್ಯಾಸವಾಗಿದೆ, ಎಂದೆ. ಇನೊಮಾತಾ ನನ್ನನ್ನು ಒಂದು ಗಳಿಗೆ ನೋಡಿ, ಅದನ್ನೇ ಉತ್ತರವೆಂದು ತೆಗೆದುಕೊಂಡರು.

ಆಮೇಲೆ ಅವರು ಸಚಿಯೆ ಅವರ ಮುಂದೆ ಹೋಗಿ ನಿಂತರು. ದನಿ ಇಳಿದಿತ್ತು.

“ಮೂರು ವರ್ಷದ ಹಿಂದೆ ನನ್ನ ಹೆಂಡತಿ ಹೋದಾಗ ನಿಮ್ಮ ಮನೆಯಿಂದ ಒಂದು ಲಕೋಟೆ ಬಂದಿತ್ತು. ಆ ಅಕ್ಷರ ನೋಡಿ, ನಮ್ಮ ಮನೆಯವಳಿಗೋಸ್ಕರ ನಿಜವಾಗಿ ಅತ್ತವರು ಒಬ್ಬರಿದ್ದಾರೆ ಅನ್ನಿಸ್ತು. ಇನ್ನೂ ಅವಳ ಪಟದ ಹತ್ತಿರ ಇಟ್ಟಿದ್ದೀನಿ. ಅದು ನೀವಾ?”

ಸಚಿಯೆ ಹೌದೆಂದು ತಲೆಯಾಡಿಸಿದರು. ನಿಮ್ಮ ಮನೆಯವರು ಪ್ರತಿ ವಾರ ಕ್ಲಿನಿಕ್ಕಿಗೆ ಬರುತ್ತಿದ್ದರು ಎಂದು ಹೇಳಲು ಹೊರಟು, ಅದೂ ಕ್ಲಿನಿಕ್ಕಿನ ವಿಷಯವೆಂದು ನೆನಪಾಗಿ, ತುಟಿ ಮುಚ್ಚಿಕೊಂಡರು. ಇನೊಮಾತಾ ಆಕೆಗೆ ಸೊಂಟ ಬಾಗಿಸಿ ನಮಸ್ಕರಿಸಿದರು. ಅಧ್ಯಕ್ಷರು ಅಷ್ಟು ಕೆಳಗೆ ಬಾಗಿದ್ದನ್ನು ನಾನು ಮುನಿಸಿಪಾಲಿಟಿಯವರ ಮುಂದೆಯೂ ನೋಡಿರಲಿಲ್ಲ.

ಒಂದು ಹೊಸ ಫಲಕ ಕೊಡಿ, ಈಕೆ ಬರೆಯಲಿ, ಎಂದರು ಅವರು. ಸಚಿಯೆ ಮೇಜಿನ ಮೇಲಿದ್ದ ಸಿದ್ಧ ಮಸಿ ಬೇಡವೆಂದು ಕಲ್ಲು, ಕಡ್ಡಿ ಕೇಳಿದರು. ಕಾಲು ಗಂಟೆ ತೇಯ್ದರು. ನಿಶಿನೊ ಗಡಿಯಾರ ನೋಡಿದರು, ವೇಳಾಪಟ್ಟಿಯ ಹಾಳೆ ನೋಡಿದರು, ಆಮೇಲೆ ಬಾವುಟವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ತಾವೂ ಮಂಡಿಯೂರಿ ಕೂತರು. ಸಚಿಯೆ ಕೈ ಎತ್ತಿ ಬರೆದರು. ಕಪ್ಪೆಂದರೆ ಕಪ್ಪು. ಎರಡು ಅಕ್ಷರ ಆ ಬಿಳಿಯ ಮೇಲೆ ಹೇಗೆ ಕೂತವೆಂದರೆ ಮುದಿ ಸನ್ಯಾಸಿ ತಮ್ಮ ಮೇಜಿನ ಮೇಲಿದ್ದ ಸ್ವಂತ ಬರಹವನ್ನು ಸದ್ದಿಲ್ಲದೆ ಮಗುಚಿಟ್ಟರು. ಪಕ್ಕದಲ್ಲಿ ಅದೇ ಉಸಿರಿನಲ್ಲಿ ಆಕೆ ಸಣ್ಣದಾಗಿ ಹೆಸರನ್ನೂ ಬರೆದು ಕುಂಚ ಕೆಳಗಿಟ್ಟರು.

ಹೊಸಾಕಾ ತೊಕುಜಿ.

ಎಲ್ಲರೂ ನೋಡಿದೆವು. ಕೊನೆಗೆ ಆಕೆಯೂ ನೋಡಿದರು.

“ಅಯ್ಯೋ,” ಎಂದರು. “ಕೈ ತಾನಾಗಿ ಹೋಯ್ತು. ನನ್ನ ಹೆಸರು ಕುಂಚದಲ್ಲಿ ಬರೆದು ಅಭ್ಯಾಸವೇ ಇಲ್ಲ.”

ಯಾರೂ ನಗಲಿಲ್ಲ. ಹೊಸಾಕಾ ಮುಂದೆ ಬಂದು ಹೆಂಡತಿಯ ಪಕ್ಕದಲ್ಲಿ ಮಂಡಿಯೂರಿ ಕುಂಚ ಎತ್ತಿಕೊಂಡರು. ಬೇಡ ರೀ, ಫಲಕ ಕೆಡುತ್ತೆ, ಎಂದು ಸಚಿಯೆ ತಡೆದರು. ಕೆಡಲಿ ಬಿಡಿ, ಎಂದರು ಇನೊಮಾತಾ. ಹೊಸಾಕಾ ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ತಮ್ಮ ಹೆಸರಿನ ಪಕ್ಕದಲ್ಲಿ ‘ಸಚಿಯೆ’ ಎಂದು ಬರೆದರು. ಅದಕ್ಕೆ ಅವರು ತೆಗೆದುಕೊಂಡ ಸಮಯದಲ್ಲಿ ನಾನು ಒಂದು ಪಾತ್ರೆ ತೋಫು ಹೆಪ್ಪು ಹಾಕಬಹುದಿತ್ತು.

ಇನೊಮಾತಾ ಅವರ ಫಲಿತಾಂಶ ಸೋಮವಾರ ಬಂತು, ಉಪ್ಪು ಕಡಿಮೆ ಮಾಡಬೇಕಂತೆ. ಸಚಿಯೆ ಅದೇ ಮೇಜಿನಲ್ಲಿ ಕೂತಿದ್ದಾರೆ, ಡಾಕ್ಟರು ಎರಡೂ ಸಂದೇಶವನ್ನು ಕೇಳಿ ಎರಡನೆಯದನ್ನು ಮಾತ್ರ ಇನ್ನೊಮ್ಮೆ ಹಾಕಿ ಕೇಳಿದರಂತೆ. ಫಲಕವನ್ನು ಸಂಘದ ಕೋಣೆಯಲ್ಲಿ ತೂಗುಹಾಕಿದ್ದೇವೆ. ಬೇರೆ ಬೀದಿಯವರು ಬಂದರೆ ಮೊದಲು ದೊಡ್ಡ ಅಕ್ಷರಗಳ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಬಗ್ಗಿ ಮೂಲೆಯನ್ನು ನೋಡಿ, ಆ ‘ಸಚಿಯೆ’ ಅನ್ನೋದನ್ನು ಬರೆದ ಮಗುವಿಗೆ ಎಷ್ಟು ವರ್ಷ ಎಂದು ಕೇಳುತ್ತಾರೆ. ಅರವತ್ತೆರಡು ಎಂದು ನಾವು ಹೇಳುತ್ತೇವೆ.